ಮೊದಲ ಪುಟ ನೋಡದ ಮಿರ್ಯಾ

ಮಿರ್ಯಾಳ ಹೆಸರು ಹಿಲ್ಕಾಳ ಕಿವಿಗೆ ಮೊದಲು ಬಿದ್ದದ್ದು ಒಂದು ಮಂಗಳವಾರ, ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ. ನಡುಬೇಸಿಗೆಯ ಯುಹಾನ್ನುಸ್ ಹಬ್ಬಕ್ಕೆ ಇನ್ನು ಮೂರೇ ದಿನ. ಹಬ್ಬದೊಳಗೆ ಒಗೆದು ಮುಗಿಸಬೇಕಾದ ಚಿಂದಿ ಜಮಖಾನಗಳನ್ನು ಹಿಲ್ಕಾ ಸುತ್ತಿ ತಂದಿದ್ದಳು. ನೀಲಿ ಪಟ್ಟೆಯದು ತೀರಿಹೋದ ಗಂಡ ಸುಲೋನ ಅಂಗಿಗಳನ್ನು ಹರಿದು ನೇಯ್ದದ್ದು; ಅದನ್ನು ಅವಳು ಯಾವಾಗಲೂ ಕೊನೆಗೆ ಒಗೆಯುತ್ತಿದ್ದಳು.

ಕಟ್ಟಡದ ಉಸ್ತುವಾರಿಯ ಒಸ್ಮೊ ಬಂದು ಬಾಗಿಲಿಗೆ ಒರಗಿದ. ಎಲ್ಲ ಮನೆಯವರೂ ಬಳಸುವ ಹಬೆಸ್ನಾನದ ಕೋಣೆ, ಸೌನಾದ ಸರದಿಪಟ್ಟಿ ಬರೆದು ಗೋಡೆಗೆ ಅಂಟಿಸುವವನು ಅವನೇ ಆದ್ದರಿಂದ ನಲವತ್ತು ಮನೆಗಳ ಸುದ್ದಿಯೂ ಅವನ ನಾಲಿಗೆಯ ತುದಿಯಲ್ಲಿರುತ್ತಿತ್ತು.

"ಮೂರನೇ ಮಹಡಿಗೆ ಬಂದಿರೋ ಬಸ್ ಡ್ರೈವರ್ ಹೆಂಗಸಿನ ಕಥೆ ಕೇಳಿದ್ಯಾ ಹಿಲ್ಕಾ? ಮಿರ್ಯಾ ಅಂತ."

"ಇಲ್ಲಪ್ಪ. ನೀನು ಹೇಳದೆ ನನಗೆ ಹೇಗೆ ಗೊತ್ತಾಗುತ್ತೆ?"

"ಹಬ್ಬಕ್ಕೆ ಎರಡು ವಾರ ರಜಾ ಹಾಕಿದಾಳೆ. ಯಾವ ಸರೋವರಕ್ಕಮ್ಮ ಹೋಗೋದು ಅಂದ್ರೆ, ಎಲ್ಲಿಗೂ ಇಲ್ಲ, ಪರದೆ ಎಳ್ಕೊಂಡು ಮನೇಲೇ ಕೂತ್ಕೋತೀನಿ, ಸೇಲ್ ಇದೆ ಅಂತಾಳೆ!"

"ಏನು ಸೇಲು? ಪರದೇದಾ?"

"ಆಟಗಳದ್ದಂತೆ. ಕಂಪ್ಯೂಟರ್ ಆಟ. ಐವತ್ತೊಂದು ವರ್ಷದ ಹೆಂಗಸು ಕಣೇ! ಸೂರ್ಯ ಮುಳುಗದೇ ಇರೋ ಹಬ್ಬದಲ್ಲಿ ಕತ್ತಲೆ ಮಾಡ್ಕೊಂಡು ಕೂರ್ತಾಳಂತೆ."

ಜಮಖಾನ ತಿಕ್ಕುವಾಗ ಹಿಲ್ಕಾಳ ತಲೆಯಲ್ಲಿ ಅದೇ ಮಾತು ಸುತ್ತಿತು. ಯುಹಾನ್ನುಸ್ ಬಂತೆಂದರೆ ಕುವೋಪಿಯೊ ಊರಿಗೆ ಊರೇ ಖಾಲಿ. ದಡದಲ್ಲಿ ಮರದ ಮನೆ ಇದ್ದವರು ಅಲ್ಲಿಗೆ, ಇಲ್ಲದವರು ಇದ್ದವರ ಬೆನ್ನು ಹತ್ತಿ. ಸುಲೋ ಹೋದ ವರ್ಷವೇ ಹಿಲ್ಕಾ ತಮ್ಮ ಮರದ ಮನೆಯನ್ನು ಮಾರಿಬಿಟ್ಟಿದ್ದಳು. ದೋಣಿಯನ್ನು ದಡಕ್ಕೆಳೆಯುವ ತೋಳು ಹೋದ ಮೇಲೆ ದೋಣಿ ಯಾಕೆ? ಅಂದಿನಿಂದ ಹಬ್ಬದ ದಿನ ಕಟ್ಟಡದಲ್ಲಿ ಅವಳೊಬ್ಬಳೇ ಇರುತ್ತಿದ್ದಳು. ಈ ವರ್ಷ ಮೂರನೇ ಮಹಡಿಯಲ್ಲಿ ಇನ್ನೊಬ್ಬಳಿರುತ್ತಾಳೆ ಎಂದಾಯಿತು.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಶುಕ್ರವಾರ ಸಂಜೆ ಐದರಿಂದ ಆರು ಮಿರ್ಯಾಳ ಸೌನಾ ಸರದಿ, ಆರರಿಂದ ಏಳು ಹಿಲ್ಕಾಳದು. ಮೂವತ್ತು ವರ್ಷದಿಂದ ಹಿಲ್ಕಾ ಊರಲ್ಲಿದ್ದಾಗ ಆ ಸರದಿಯನ್ನು ಒಂದು ಸಲವೂ ತಪ್ಪಿಸಿದವಳಲ್ಲ. ಸುಲೋನ ಮಣ್ಣು ಶುಕ್ರವಾರವೇ ಆಗಿತ್ತು. ಆ ಸಂಜೆಯೂ ಅವಳು ಆರಕ್ಕೆ ಸರಿಯಾಗಿ ಟವೆಲ್ ಹಿಡಿದು ಕೆಳಗಿಳಿದಿದ್ದಳು.

ಹಬ್ಬದ ಆ ಸಂಜೆ ಸೌನಾದ ಹೊರಗಿನ ಬೆಂಚಿನ ಮೇಲೆ ಒಬ್ಬ ದಪ್ಪ ಹೆಂಗಸು ಟವೆಲ್ ಸುತ್ತಿಕೊಂಡು ಕೂತಿದ್ದಳು. ಕೆಂಪಗೆ ಬೆಂದ ಭುಜಗಳಿಂದ ಹಬೆ ಏಳುತ್ತಿತ್ತು. ಕೈಯಲ್ಲಿದ್ದ ಫೋನು ನೋಡಿಕೊಂಡು ಒಬ್ಬಳೇ ಗಹಗಹಿಸಿ ನಗುತ್ತಿದ್ದಳು.

"ಬನ್ನಿ ಬನ್ನಿ, ಕಲ್ಲು ಚೆನ್ನಾಗಿ ಕಾದಿದೆ. ನಿಮಗೇ ಅಂತ ಬಿಟ್ಟು ಬಂದಿದೀನಿ."

"ಪರದೆ ಎಳ್ಕೊಂಡು ಕೂರೋಳು ನೀನೇನಾ?"

"ಓ, ಒಸ್ಮೊ ರೇಡಿಯೊ ಚೆನ್ನಾಗಿ ಕೆಲಸ ಮಾಡ್ತಿದೆ ಹಾಗಾದ್ರೆ!"

"ಅದೇನು ಹುಡುಕ್ತೀಯಮ್ಮ ಹಗಲೂ ರಾತ್ರಿ?"

ಮಿರ್ಯಾ ಫೋನು ಪಕ್ಕಕ್ಕಿಟ್ಟಳು. "ಜವುಗಿನ ಹಳದಿ ಹಣ್ಣು ಆರಿಸೋಕೆ ಹೋಗ್ತೀರಲ್ಲ, ರಸ್ತೆ ಬದೀಲಿ ನಿಂತು ಆರಿಸ್ತೀರಾ?"

"ಯಾವ ಪೆದ್ದಿ ನಿಲ್ತಾಳೆ? ಒಳಗೆ ಹೋಗ್ಬೇಕು. ಮೊಣಕಾಲುದ್ದ ಕೆಸರು, ಸೊಳ್ಳೆ."

"ನಾನು ಮಾಡೋದೂ ಅದನ್ನೇ. ಆಟ ಮಾರೋ ಅಂತರ್ಜಾಲದ ಅಂಗಡಿಯ ಮೊದಲ ಪುಟ ಅಂದ್ರೆ ರಸ್ತೆ ಬದಿ. ಎಲ್ಲರೂ ಅಲ್ಲೇ ಮುಗಿಬೀಳ್ತಾರೆ. ಒಳಗಡೆ, ಯಾರೂ ಕಾಲಿಡದ ಜಾಗದಲ್ಲಿ, ಒಬ್ಬರೋ ಇಬ್ಬರೋ ಕೂತು ನಾಲ್ಕೈದು ವರ್ಷ ಮಾಡಿದ ಪುಟ್ಟ ಪುಟ್ಟ ಆಟಗಳಿರುತ್ತೆ. ಸೇಲಿನಲ್ಲಿ ಒಂದು ಕಾಫಿ ಬೆಲೆಗೆ ಸಿಗುತ್ತೆ. ಸಿಕ್ಕರೆ... ಅಯ್ಯೋ, ಏನು ಹೇಳ್ಲಿ!"

"ಸಿಕ್ಕ ಜಾಗ ಯಾರಿಗೂ ಹೇಳಲ್ಲ ತಾನೇ?" ಎಂದಳು ಹಿಲ್ಕಾ. ಹಣ್ಣಿನ ಜವುಗು ಎಲ್ಲಿದೆಯೆಂದು ಅವಳ ಸ್ವಂತ ಅಕ್ಕನೇ ಸಾಯುವತನಕ ಬಾಯಿಬಿಟ್ಟಿರಲಿಲ್ಲ.

"ಅದೊಂದೇ ವ್ಯತ್ಯಾಸ. ನಾನು ಊರೆಲ್ಲ ಸಾರ್ತೀನಿ."

ಇವಳಿಗೆ ಸ್ವಲ್ಪ ಹುಚ್ಚೇ ಇರಬೇಕು ಎಂದುಕೊಂಡು ಹಿಲ್ಕಾ ಒಳಗೆ ಹೋದಳು. ಆದರೆ ಕಲ್ಲಿನ ಮೇಲೆ ನೀರು ಸುರಿಯುವಾಗ ತಾನೂ ನಗುತ್ತಿದ್ದೇನೆಂದು ಅವಳಿಗೆ ತಿಳಿಯಿತು.

ಮರುದಿನ ಅವಳು ಹೊಸ ಆಲೂಗಡ್ಡೆ ಬೇಯಿಸಿ, ಸಬ್ಬಸಿಗೆ ಉದುರಿಸಿ, ಉಪ್ಪುಮೀನಿನ ಜೊತೆ ಮೂರನೇ ಮಹಡಿಗೆ ಒಯ್ದಳು. ಬಾಗಿಲು ತೆರೆದವಳು ಇನ್ನೂ ರಾತ್ರಿಯ ಬಟ್ಟೆಯಲ್ಲೇ ಇದ್ದಳು. ಮೇಜಿನ ಮೇಲೆ ಮೂರು ಕಾಫಿ ಲೋಟ, ಒಂದು ಗೀಟಿನ ನೋಟ್‌ಬುಕ್, ದೊಡ್ಡ ಪರದೆಯ ಕಂಪ್ಯೂಟರ್. ನೋಟ್‌ಬುಕ್ಕಿನಲ್ಲಿ ಆಟದ ಹೆಸರುಗಳು, ಪ್ರತಿಯೊಂದರ ಮುಂದೆ ಒಂದೊಂದು ಮಾತು: "ಜೊಳ್ಳು." "ಜೊಳ್ಳು." "ಚಂದ, ಆದರೆ ಹೃದಯ ಇಲ್ಲ." "ಇನ್ನೊಮ್ಮೆ ನೋಡು." "ಇದು! ಇದು!"

ಹಿಲ್ಕಾ ಓದಿದ್ದು ಆರೇ ವರ್ಷ. ಮೂವತ್ತೊಂದು ವರ್ಷ ಪ್ಲೈವುಡ್ ಕಾರ್ಖಾನೆಯಲ್ಲಿ ನಿಂತು ತೆಳ್ಳನೆಯ ಮರದ ಹಾಳೆಗಳನ್ನು ಆರಿಸಿದವಳು. ಓಡುವ ಬೆಲ್ಟಿನ ಮೇಲೆ ಸರ್ರನೆ ಹಾಳೆ ಹಾದುಹೋಗುವಾಗ ಗಂಟಿದೆಯೇ, ಬಿರುಕಿದೆಯೇ ಎಂದು ಉಸಿರು ಎಳೆದು ಬಿಡುವುದರೊಳಗೆ ಹೇಳಬೇಕು. ಮಿರ್ಯಾ ಪರದೆಯ ಮೇಲೆ ಆಟಗಳ ಸಾಲನ್ನು ಮೇಲಕ್ಕೆ ಓಡಿಸುತ್ತಿದ್ದರೆ ಹಿಲ್ಕಾಳ ಕಣ್ಣು ತಾನಾಗಿ ಹಳೆಯ ಕೆಲಸಕ್ಕೆ ಇಳಿಯಿತು.

"ನಿಲ್ಲಿಸು. ಅದು. ಕುದುರೆ ಇರೋದು."

"ಯಾಕೆ?"

"ಮಿಕ್ಕಿದ್ದೆಲ್ಲ ಒಂದೇ ಮರದ್ದು. ಇದು ಬೇರೆ ಮರ."

ಅದು ಹೆಪ್ಪುಗಟ್ಟಿದ ಸರೋವರದ ಮೇಲೆ ಕುದುರೆಯನ್ನು ದಾಟಿಸುವ ಆಟ. ಮಂಜುಗಡ್ಡೆ ಬಿರಿಯುವ ಸದ್ದನ್ನು ಕಿವಿಗೊಟ್ಟು ಕೇಳಿ ಹೆಜ್ಜೆ ಇಡಬೇಕು. ಕೊಂಡಿದ್ದವರು ಇಪ್ಪತ್ತಾರು ಜನ. ಸಂಜೆಯತನಕ ಇಬ್ಬರೂ ಉಸಿರು ಬಿಗಿಹಿಡಿದು ಆ ಕುದುರೆಯನ್ನು ದಾಟಿಸಿದರು. ಆಚೆ ದಡ ಮುಟ್ಟಿದಾಗ ಹಿಲ್ಕಾ ಮಿರ್ಯಾಳ ಬೆನ್ನಿಗೆ ಗುದ್ದಿದ ಗುದ್ದಿಗೆ ಕಾಫಿ ಚೆಲ್ಲಿತು.

ಆಮೇಲೆ ಪ್ರತಿ ಬೇಸಿಗೆ, ಪ್ರತಿ ಚಳಿಗಾಲ ಸೇಲ್ ಬಂತೆಂದರೆ ಹಿಲ್ಕಾ ಬುಟ್ಟಿಯಲ್ಲಿ ಏಲಕ್ಕಿ ಬನ್ನು ಇಟ್ಟುಕೊಂಡು ಮೂರನೇ ಮಹಡಿಗೆ ಹತ್ತುವುದು ವಾಡಿಕೆಯಾಯಿತು. "ನೀವು" ಹೋಗಿ "ನೀನು" ಬಂತು, ಹಿಲ್ಕಾ ಹೋಗಿ ಹಿಲ್ಕಮ್ಮ ಬಂತು.

ಮಿರ್ಯಾಳ ಹಿಂದಿನ ಕಥೆ ತುಂಡುತುಂಡಾಗಿ ಬಂತು, ಆಟ ತೆರೆದುಕೊಳ್ಳುವ ಬಿಡುವುಗಳಲ್ಲಿ. ರೌತವಾರಾ ಕಡೆಯವಳು. ಅಪ್ಪ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಮಗಳು ಹತ್ತೊಂಬತ್ತಕ್ಕೇ ಅದೇ ಲಾರಿಯ ಸ್ಟೀರಿಂಗ್ ಹಿಡಿದಳು. ಮದುವೆ ಹನ್ನೊಂದು ವರ್ಷ ನಡೆಯಿತು. "ಜಗಳ ಏನೂ ಇಲ್ಲ ಹಿಲ್ಕಮ್ಮ. ಒಂದು ದಿನ ಅವನೂ ನಾನೂ ಮಾತಾಡಿ ಒಂಬತ್ತು ದಿನ ಆಯ್ತು ಅಂತ ಗೊತ್ತಾಯ್ತು. ಇಬ್ಬರಿಗೂ ತೊಂದರೇನೇ ಆಗಿರ್ಲಿಲ್ಲ." ಮನೆ ಬಿಟ್ಟ ಆ ಚಳಿಗಾಲ ಎಲ್ಲರೂ ಹೊಗಳುವ ದೊಡ್ಡ ಆಟವೊಂದನ್ನು ಕೊಂಡಳಂತೆ. ಭಾನುವಾರದ ಹೊತ್ತಿಗೆ ಮುನ್ನೂರು ಜನರನ್ನು ಕೊಂದಿದ್ದಳು, ಮನೆ ಮಾತ್ರ ಹಾಗೇ ಬಿಕೋ ಎನ್ನುತ್ತಿತ್ತು. ಬೇಜಾರಿನಿಂದ ಸೇಲಿನ ಪಟ್ಟಿಯ ತಳತನಕ ಹೋದಾಗ ಒಂದು ಆಟ ಸಿಕ್ಕಿತು. ಏಳು ಮನೆಗಳ ಹಳ್ಳಿಯಲ್ಲಿ ಹಿಮ ತೆಗೆಯುವುದು, ಅಷ್ಟೇ. ಯಾರ ಬಾಗಿಲಲ್ಲಿ ಮೊದಲು ತೆಗೆದರೆ ಯಾರು ಮುನಿಸಿಕೊಳ್ಳುತ್ತಾರೆಂಬುದನ್ನು ತಿಳಿದು ತೆಗೆಯಬೇಕು. ಮುಗಿಸಿ, ಮಾಡಿದವನಿಗೆ ಪತ್ರ ಬರೆದಳು. ಉತ್ತರ ಅದೇ ದಿನ ಬಂತು: "ನೀವು ನಾಲ್ಕನೆಯವರು. ಮೊದಲ ಮೂವರು ನನ್ನ ಸಂಬಂಧಿಕರು."

"ಆ ಸಾಲು ಓದಿ ಅಡುಗೆಮನೇಲಿ ಎದ್ದು ನಿಂತ್ಬಿಟ್ಟೆ ಕಣೇ," ಎನ್ನುತ್ತಿದ್ದಳು ಮಿರ್ಯಾ. ಹೇಳುವಾಗಲೂ ಎದ್ದು ನಿಲ್ಲುತ್ತಿದ್ದಳು.

ಅವಳು ಹುಡುಕುವ ಬಗೆ ಬೇರೆಯೇ ಇತ್ತು. ಎಷ್ಟು ಬೆಲೆ ಇಳಿದಿದೆ ಎಂದು ನೋಡುತ್ತಲೇ ಇರಲಿಲ್ಲ: "ಬೇಡದ ವಸ್ತು ಬಿಟ್ಟಿ ಕೊಟ್ರೂ ದುಬಾರಿ." ಹೊಗಳಿಕೆ ಓದುವ ಮೊದಲು ಬೈಗುಳ ಓದುತ್ತಿದ್ದಳು. "ನೋಡು, ಇವನು 'ನಿಧಾನ, ಬರೀ ಮಾತು, ಹೊಡೆದಾಟ ಇಲ್ಲ' ಅಂತ ಬೈದಿದಾನೆ. ನಮಗೆ ಇದಕ್ಕಿಂತ ಒಳ್ಳೆ ಶಿಫಾರಸು ಬೇಕಾ?" ಒಂದು ಹಿಡಿಸಿದರೆ ಅದನ್ನು ಮೆಚ್ಚಿದವರು ಬೇರೆ ಏನನ್ನು ಮೆಚ್ಚಿದ್ದಾರೆಂದು ಜಾಡು ಹಿಡಿದು ಹೊರಡುತ್ತಿದ್ದಳು. ಮೇಲಾಗಿ ಅಂಗಡಿಯ ನಿಯಮವೊಂದಿತ್ತು: ಎರಡು ಗಂಟೆ ಮೀರದಂತೆ ಆಡಿ, ಬೇಡವೆನಿಸಿದರೆ ಹಿಂದಿರುಗಿಸಬಹುದು. ಮಿರ್ಯಾ ಆ ಎರಡು ಗಂಟೆಯನ್ನು ಬಸ್ಸಿನ ವೇಳಾಪಟ್ಟಿಯಂತೆ ನಿಮಿಷ ಲೆಕ್ಕದಲ್ಲಿ ಬಳಸುತ್ತಿದ್ದಳು. ಸೇಲಿನ ಕೊನೆಯ ದಿನ ಅವಳ ಪಟ್ಟಿ ಹೊರಬೀಳುತ್ತಿತ್ತು. ಒಂದು ಪ್ರತಿ ಬಡಾವಣೆಯ ಗ್ರಂಥಾಲಯದ ಬಾಗಿಲಿಗೆ, ಇನ್ನೊಂದು ಅವಳಂಥ ನಾನೂರು ಹುಡುಕಾಟದ ಹುಚ್ಚರು ಸೇರುವ ಅಂತರ್ಜಾಲದ ಕಟ್ಟೆಗೆ. ಪಟ್ಟಿಯ ಕಟ್ಟಳೆ ಒಂದೇ: ಆಟದೊಳಗೆ ಏನಾಗುತ್ತದೆಂದು ಹೇಳಕೂಡದು. "ಮೊದಲ ಸಲ ನೋಡೋದು ಒಂದೇ ಸಲ ಕಣೇ ಸಿಗೋದು. ಅದನ್ನ ಇನ್ನೊಬ್ಬರ ಕೈಯಿಂದ ಕಿತ್ಕೋಬಾರದು."

ನಾಲ್ಕನೆಯ ಬೇಸಿಗೆಯ ಕಥೆಗೆ ಬರಬೇಕು.

ಯುಹಾನ್ನುಸ್ ಕಳೆದ ಮುಂದಿನ ಶುಕ್ರವಾರ. ಸೇಲ್ ಮುಗಿಯಲು ಆರು ದಿನ ಉಳಿದಿತ್ತು, ಗುರುವಾರ ಸಂಜೆ ಎಂಟಕ್ಕೆ ಬಾಗಿಲು ಮುಚ್ಚುವುದು. ಐದಕ್ಕೆ ಹತ್ತು ನಿಮಿಷವಿರುವಾಗ ಹಿಲ್ಕಾ ಟವೆಲ್, ಬನ್ನು, ಅರ್ಧ ಹೆಣೆದ ಕಾಲುಚೀಲ ಹಿಡಿದು ಮೇಲೆ ಬಂದಳು. ಮಿರ್ಯಾಳ ಮುಖ ಸಪ್ಪಗಿತ್ತು.

"ಏನಾಯ್ತೇ? ಬಸ್ ತಪ್ಪಿಸ್ಕೊಂಡೋಳ ಹಾಗಿದೀಯ."

"ಇದನ್ನ ನೋಡು. 'ಜೊಂಡು' ಅಂತ. ಎಸ್ತೋನಿಯಾದ ಯಾವುದೋ ದ್ವೀಪದಲ್ಲಿ ತೀಯು ಅನ್ನೋ ಹೆಂಗಸು ಒಬ್ಬಳೇ ಮಾಡಿದ್ದು, ಐದು ವರ್ಷ. ಕೊಂಡೋರು ಹನ್ನೊಂದು ಜನ, ಹನ್ನೊಂದು ಜನಾನೂ ಉಗಿದಿದಾರೆ. ಕೆಳಗೆ ಅವಳು ಏನು ಬರೆದಿದಾಳೆ ಗೊತ್ತಾ? 'ಇದು ಕೊನೆಯ ಸೇಲ್. ಗುರುವಾರ ಸಂಜೆ ಈ ಆಟವನ್ನು ಅಂಗಡಿಯಿಂದ ತೆಗೆದುಹಾಕುತ್ತೇನೆ. ಕೊಂಡವರು ಕ್ಷಮಿಸಿ.' ಕ್ಷಮಿಸಿ ಅಂತೆ! ಓದಿ ಹೊಟ್ಟೆಗೆ ಬೆಂಕಿ ಬಿತ್ತು. ಏನಾದ್ರೂ ಇದ್ದೇ ಇರುತ್ತೆ ಇದರಲ್ಲಿ ಅಂತ ಕೊಂಡೆ."

"ಮತ್ತೆ? ಇದೆಯಾ?"

"ಏನೂ ಇಲ್ಲ ಹಿಲ್ಕಮ್ಮ. ಒಂದು ಗಂಟೆ ಇಪ್ಪತ್ತು ನಿಮಿಷ ಆಯ್ತು. ಜೊಂಡು, ನೀರು, ಮಂಜು. ಇರೋ ಬರೋ ಕೀ ಎಲ್ಲ ಒತ್ತಿದೆ, ಮೌಸ್ ತಿರುಗಿಸಿದೆ, ಬೈದೂ ನೋಡಿದೆ. ಕ್ಯಾಲೆಂಡರಿನ ಚಿತ್ರದ ಹಾಗೆ ನಿಂತಿದೆ. ಕೊಟ್ಟುಬಿಡಬೇಕು ವಾಪಸ್ಸು." ಗೋಡೆ ಗಡಿಯಾರ ನೋಡಿದವಳೇ ಹೌಹಾರಿದಳು. "ಐದು ಗಂಟೆ! ನನ್ನ ಸರದಿ! ನೀನು ಕೂತಿರು, ಏನನ್ನೂ ಮುಟ್ಟಬೇಡ, ಆಯ್ತಾ?"

ಮುಟ್ಟಬೇಡವೆಂದದ್ದಕ್ಕೆ ಕಾರಣವಿತ್ತು. ಹಿಂದಿನ ಚಳಿಗಾಲ ಹಿಲ್ಕಾ ಧೂಳು ಒರೆಸಲು ಹೋಗಿ ಯಾವುದೋ ಕೀ ಒತ್ತಿ, ಮಿರ್ಯಾ ಒಂಬತ್ತು ಗಂಟೆ ಆಡಿದ್ದೆಲ್ಲ ಅಳಿಸಿಹೋಗಿತ್ತು. ಅಂದಿನಿಂದ ಹಿಲ್ಕಾ ಆ ಮೇಜಿನಿಂದ ಒಂದು ಮೊಳ ದೂರ ಕೂರುತ್ತಿದ್ದಳು.

ಮಿರ್ಯಾ ಓಡಿದಳು. ಓಡುವ ಅವಸರದಲ್ಲಿ ಆಟವನ್ನು ಮುಚ್ಚುವುದನ್ನೇ ಮರೆತಳು. ನಿಮಿಷ ಲೆಕ್ಕ ಹಾಕುವವಳು, ಎರಡು ಗಂಟೆಯ ಗಡುವಿಗೆ ನಲವತ್ತು ನಿಮಿಷ ಉಳಿದಿರುವಾಗ, ಓಡುತ್ತಿರುವ ಆಟವನ್ನು ಬಿಟ್ಟು ಒಂದು ಗಂಟೆಯ ಸೌನಾಕ್ಕೆ ಹೋದಳು! ಆದರೆ ಸೌನಾದ ಸರದಿ ಬಂದಾಗ ನಮ್ಮವರಿಗೆ ಬೇರೆ ಯಾವ ಗಡಿಯಾರವೂ ಕಾಣುವುದಿಲ್ಲ.

ಹಿಲ್ಕಾ ಕುರ್ಚಿಯಲ್ಲಿ ಕೂತು ಕಾಲುಚೀಲದ ಹಿಮ್ಮಡಿ ಹೆಣೆಯತೊಡಗಿದಳು. ಒಮ್ಮೊಮ್ಮೆ ಕಣ್ಣೆತ್ತಿ ಪರದೆ ನೋಡುವಳು. ಜೊಂಡು, ನೀರು, ಮಂಜು. ಸುಲೋ ಜೊತೆ ಬೆಳಗಿನ ಜಾವ ಮೀನಿಗೆ ಹೋಗುತ್ತಿದ್ದಾಗ ಕೊಲ್ಲಿ ಹೀಗೇ ಕಾಣುತ್ತಿತ್ತು ಎಂದುಕೊಂಡಳು. ಹತ್ತು ನಿಮಿಷ ಹೋಗಿರಬೇಕು. ಆರಿಸುವ ಕಣ್ಣಿಗೆ ಏನೋ ತಗುಲಿತು. ಮಂಜು ಮೊದಲಿದ್ದಲ್ಲಿ ಇರಲಿಲ್ಲ.

ಹಿಲ್ಕಾ ಹೆಣಿಗೆ ನಿಲ್ಲಿಸಿದಳು. ಮಂಜು ಎಳೆ ಎಳೆಯಾಗಿ ಮೇಲೇಳುತ್ತಿತ್ತು, ಅದರಡಿಯಲ್ಲಿ ನೀರಿಗೆ ಬೆಳಕು ಬರುತ್ತಿತ್ತು. ಜೊಂಡಿನ ಬುಡದಿಂದ ಒಂದು ನೀರುಕೋಳಿ ಇಣುಕಿತು. ಹಿಂದಕ್ಕೆ ಹೋಯಿತು. ಮತ್ತೆ ಇಣುಕಿ, ಯಾರೂ ಅಲುಗಾಡುವುದಿಲ್ಲವೆಂದು ನಂಬಿಕೆ ಬಂದ ಮೇಲೆ, ಐದು ಮರಿಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊರಬಂತು. ಹಿಲ್ಕಾ ಬಾಯಿಗೆ ಕೈ ಅಡ್ಡ ಹಿಡಿದಳು. ಆಹಾ! ಆಡುವವರು ಕೈ ಸುಮ್ಮನಿಡುವವರಲ್ಲ. ಹನ್ನೊಂದು ಜನರೂ ಬಂದರು, ಗುಂಡಿ ಒತ್ತಿದರು, ಹಕ್ಕಿಗಳು ಬೆದರಿ ಅಡಗಿದವು, ಏನೂ ಇಲ್ಲವೆಂದು ಬೈದು ಹೋದರು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳೇ?

ಆಮೇಲೆ ಬಂದದ್ದು ಇದು: ದೂರದ ನೀರಿನಲ್ಲಿ ಒಂದು ಕಪ್ಪು ಚುಕ್ಕೆ. ಅದು ಹತ್ತಿರ ಹತ್ತಿರ ಬಂದು ಒಂದು ಹೆಣ್ಣು ಕಡವೆಯ ತಲೆಯಾಯಿತು. ಅದು ಕೊಲ್ಲಿಯನ್ನು ಈಜಿ ದಾಟುತ್ತಿತ್ತು. ಅದರ ಪಕ್ಕದಲ್ಲಿ ಮರಿ. ಮರಿಗೆ ಆಯಾಸವಾಗಿ, ಗದ್ದವನ್ನು ತಾಯಿಯ ಬೆನ್ನಿನ ಮೇಲಿಟ್ಟುಕೊಂಡು ತೇಲುತ್ತಿತ್ತು. ತಾಯಿ ಒಮ್ಮೆ ತಲೆ ತಿರುಗಿಸಿ ನೇರವಾಗಿ ಹಿಲ್ಕಾಳನ್ನೇ ನೋಡಿತು. ನೋಡಿ, ಇವಳಿಂದೇನೂ ಭಯವಿಲ್ಲವೆಂಬಂತೆ ಮುಂದೆ ಈಜಿತು.

ಹಿಲ್ಕಾ ಕುರ್ಚಿಯ ತುದಿಗೆ ಸರಿದಳು. ಎದ್ದು ಮಿರ್ಯಾಳನ್ನು ಕರೆಯಲೇ ಎಂದರೆ ಅಷ್ಟರಲ್ಲಿ ಇದು ಹೋದರೆ? ಕೂತೇ ಇದ್ದಳು.

ಆರಕ್ಕೆ ಮಿರ್ಯಾ ಹಬೆಯಾಡುತ್ತ ಬಂದಳು. ಪರದೆ ಕಂಡವಳೇ ತಲೆ ಚಚ್ಚಿಕೊಂಡಳು. "ಅಯ್ಯಯ್ಯೋ, ಮುಚ್ಚೋದು ಮರೆತೆ! ಎರಡು ಗಂಟೆ ದಾಟ್ತು, ಇನ್ನು ವಾಪಸ್ಸೂ ಇಲ್ಲ..."

"ಶ್!" ಎಂದಳು ಹಿಲ್ಕಾ. "ಕೂತ್ಕೋ. ಮುಟ್ಟಬೇಡ."

"ನನ್ನ ಮನೇಲಿ ನನಗೇ?"

"ಕೂತ್ಕೋ ಅಂದ್ರೆ ಕೂತ್ಕೋಬೇಕು!"

ಪರದೆಯ ಮೇಲೆ ಆಗ ಎರಡು ಕೊಕ್ಕರೆಗಳು ಆಳವಿಲ್ಲದ ನೀರಿನಲ್ಲಿ ರೆಕ್ಕೆ ಬಿಚ್ಚಿ ಕುಣಿಯುತ್ತಿದ್ದವು. ಮಿರ್ಯಾ ನಿಂತಲ್ಲೇ ನೆಲಕ್ಕೆ ಕುಸಿದು ಕೂತಳು. ಒದ್ದೆ ಕೂದಲಿನಿಂದ ನೀರು ಮೂಗಿನ ಮೇಲೆ ಇಳಿಯುತ್ತಿದ್ದರೂ ಒರೆಸಲಿಲ್ಲ.

"ಯಾವಾಗಿಂದ?" ಎಂದು ಪಿಸುಗುಟ್ಟಿದಳು.

"ನೀನು ಹೋದಾಗಿಂದ. ಅದಕ್ಕಿಂತ ಮುಂಚೆ ಏನು ಬಂತು ಗೊತ್ತಾ, ಆ ಕಡೆಯಿಂದ..."

ಮಿರ್ಯಾ ಅವಳ ಬಾಯಿ ಮುಚ್ಚಿದಳು, ನಿಜವಾಗಿಯೂ, ಒದ್ದೆ ಅಂಗೈಯಿಂದ. "ಹೇಳ್ಬೇಡ! ಒಂದಕ್ಷರ ಹೇಳಿದ್ರೆ ನೋಡು! ಅದನ್ನ ನಾನೇ ನೋಡ್ಬೇಕು."

ಆರೂಕಾಲಾಯಿತು, ಆರೂವರೆಯಾಯಿತು. ಬಾಗಿಲು ದಬದಬ ಬಡಿದ ಸದ್ದು. ಒಸ್ಮೊ ನಿಂತಿದ್ದ, ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು, ಕೈಯಲ್ಲಿ ಕಟ್ಟಡದ ಬೀಗದಕೈ ಗೊಂಚಲು.

"ಮಿರ್ಯಾ, ಬೇಗ ಬಾ! ಹಿಲ್ಕಾ ಸೌನಾಕ್ಕೆ ಬಂದಿಲ್ಲ. ಮನೆ ಬಾಗಿಲು ಬಡಿದೆ, ತೆಗೀಲಿಲ್ಲ. ಮೂವತ್ತು ವರ್ಷದಲ್ಲಿ... ಹೋಗಿಬಿಟ್ಟಳು ಅಂತ ಕಾಣುತ್ತೆ ಕಣೇ..." ಅಷ್ಟರಲ್ಲಿ ಅವನ ಕಣ್ಣು ಕುರ್ಚಿಯ ಮೇಲೆ ಬಿತ್ತು. "ನೀನು! ಬದುಕಿದೀಯಾ?"

"ಬದುಕಿದೀನಿ. ಒಳಗೆ ಬಂದು ಬಾಗಿಲು ಹಾಕು. ಮೆತ್ತಗೆ."

"ಬದುಕಿದ್ದೂ ಸರದಿ ಬಿಟ್ಟೆಯಾ?" ಒಸ್ಮೊಗೆ ಸಾವಿಗಿಂತ ಇದೇ ದೊಡ್ಡ ಆಘಾತ. ಗೊಣಗುತ್ತಲೇ ಕೂತ. ಏಳೂವರೆಗೆ ಎದ್ದಾಗ ಕಣ್ಣೊರೆಸಿಕೊಂಡು, "ಇಲ್ಲಿ ಸೆಖೆ," ಎಂದ.

ಆಮೇಲೆ ಆರು ದಿನದ ಓಟ. ತೀಯು ಗುರುವಾರ ಆಟವನ್ನು ತೆಗೆದುಹಾಕುವ ಮುನ್ನ ಜನಕ್ಕೆ ಹೇಳಬೇಕು. ಪಟ್ಟಿಗೆ ಕಾಯುವಂತಿರಲಿಲ್ಲ. ಮಿರ್ಯಾ ಬರೆಯಲು ಕೂತಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಶನಿವಾರ ಸಂಜೆ ಪೆನ್ನನ್ನು ಗೋಡೆಗೆಸೆದಳು.

"ಆಗ್ತಿಲ್ಲ ಹಿಲ್ಕಮ್ಮ. ಒಳಗೇನಿದೆ ಅಂತ ಹೇಳೋ ಹಾಗಿಲ್ಲ. ಹೇಳದೆ ಇದ್ರೆ ಯಾರು ತಾನೇ ಒಂದು ಗಂಟೆ ಸುಮ್ಮನೆ ಕೂರ್ತಾರೆ? ನೀನು ಬರಿ."

"ನಾನಾ? ಪೋಸ್ಟ್‌ಕಾರ್ಡ್ ಬರೆದೇ ಹತ್ತು ವರ್ಷ ಆಯ್ತು."

"ಅದಕ್ಕೇ. ನೀನು ಆಟಗಾರ್ತಿ ಅಲ್ಲ. ನೀನು ಕೂತವಳು. ಹ್ಯಾಗೆ ಕೂತೆ ಅನ್ನೋದನ್ನ ಬರಿ."

ಹಿಲ್ಕಾ ಭಾನುವಾರ ಬೆಳಗ್ಗೆ ತನ್ನ ಅಡುಗೆಮನೆಯಲ್ಲಿ ಕೂತು ಹಾಲಿನ ಅಂಗಡಿಯ ಕಾಗದದ ಹಿಂಬದಿಯಲ್ಲಿ ಬರೆದಳು. ಮೂರು ಲೋಟ ಕಾಫಿ ಆಯಿತು. ತಂದುಕೊಟ್ಟದ್ದು ಇಷ್ಟೇ:

"ನಾನು ಆಟ ಆಡುವವಳಲ್ಲ, ಪ್ಲೈವುಡ್ ಆರಿಸುತ್ತಿದ್ದವಳು. ಇದನ್ನು ಹಚ್ಚುವ ಮೊದಲು ಕಾಫಿ ಮಾಡಿಟ್ಟುಕೊಳ್ಳಿ, ಪಾಯಿಖಾನೆಗೆ ಹೋಗಿಬನ್ನಿ. ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟುಕೊಳ್ಳಿ. ಕೈ ಸುಮ್ಮನಿರದಿದ್ದರೆ ಕಾಲುಚೀಲ ಹೆಣೆಯಿರಿ. ಒಂದು ಗಂಟೆ ಏನನ್ನೂ ಮುಟ್ಟಬೇಡಿ. ಏನು ಬರುತ್ತದೆಂದು ನಾನು ಹೇಳುವುದಿಲ್ಲ. ಇದಕ್ಕಾಗಿ ನಾನು ನನ್ನ ಸೌನಾ ಸರದಿಯನ್ನು ಬಿಟ್ಟೆ, ಮೂವತ್ತು ವರ್ಷದಲ್ಲಿ ಮೊದಲ ಸಲ. ಹಿಲ್ಕಾ, ಎಪ್ಪತ್ತೇಳು ವರ್ಷ."

ಮಿರ್ಯಾ ಓದಿದಳು. ಇನ್ನೊಮ್ಮೆ ಓದಿದಳು. ಎದ್ದು ನಿಂತಳು.

"ಒಂದಕ್ಷರ ಮುಟ್ಟಲ್ಲ ನಾನು!" ಎಂದು ಕೂಗಿ, ಹಾಗೆಯೇ ಹಾಕಿದಳು. ಆಟದ ಪುಟಕ್ಕೆ ಹಾಕಿದಳು, ಹುಚ್ಚರ ಕಟ್ಟೆಗೆ ಹಾಕಿದಳು, ಗ್ರಂಥಾಲಯದ ಬಾಗಿಲಿಗೆ ಅಂಟಿಸಿದಳು. ಒಸ್ಮೊ ತಾನಾಗಿಯೇ ಒಂದು ಪ್ರತಿಯನ್ನು ಸೌನಾ ಸರದಿಪಟ್ಟಿಯ ಪಕ್ಕಕ್ಕೇ ಅಂಟಿಸಿ, ಕೆಳಗೆ "ಇದು ನಿಜ, ನಾನು ಸಾಕ್ಷಿ" ಎಂದು ಬರೆದು ತನ್ನ ಸಹಿಯನ್ನು ದಪ್ಪಗೆ ಹಾಕಿದ.

ಕೊನೆಯ ಸಾಲೇ ಕೆಲಸ ಮಾಡಿತು. ಸೌನಾ ಸರದಿ ಬಿಟ್ಟಳಂತೆ ಎಂಬ ಮಾತು ಒಬ್ಬರಿಂದೊಬ್ಬರಿಗೆ ಹಬ್ಬಿತು. ಸೋಮವಾರ ಕೊಂಡವರು ನಲವತ್ತು ದಾಟಿದರು. ಮಂಗಳವಾರ ಔಲುವಿನ ಒಬ್ಬ ದಂತವೈದ್ಯ ಬರೆದ: "ಮುದುಕಿ ಹೇಳಿದಂತೆ ಕೂತೆ. ಹೆಂಡತಿಯನ್ನೂ ಕೂರಿಸಿದೆ. ಏನೂ ಹೇಳುವುದಿಲ್ಲ." ತುರ್ಕುವಿನಲ್ಲಿ ಯಾರೋ ಕಾಲುಚೀಲ ಹೆಣೆದು ಅದರ ಫೋಟೋ ಹಾಕಿದರು. ಹಿಂದೆ ಬೈದಿದ್ದ ಹನ್ನೊಂದು ಜನರಲ್ಲಿ ನಾಲ್ವರು ಮರಳಿ ಬಂದು ತಮ್ಮ ಬೈಗುಳವನ್ನು ತಾವೇ ಅಳಿಸಿದರು. ಪ್ರತಿಯೊಂದು ಬಂದಾಗಲೂ ಮಿರ್ಯಾ ಮೂರನೇ ಮಹಡಿಯಿಂದ ಕೆಳಗೆ ಓಡಿಬಂದು ಹಿಲ್ಕಾಳ ಬಾಗಿಲು ಬಡಿಯುತ್ತಿದ್ದಳು. ಗಂಟೆ ಒತ್ತುವಷ್ಟು ತಾಳ್ಮೆಯೂ ಅವಳಿಗಿರಲಿಲ್ಲ.

ತೀಯುಳಿಂದ ಮಾತ್ರ ಸುದ್ದಿಯಿಲ್ಲ. ಪುಟದ ಕೆಳಗೆ ಆ ಸಾಲು ಹಾಗೇ ಇತ್ತು: ಗುರುವಾರ ಸಂಜೆ ತೆಗೆದುಹಾಕುತ್ತೇನೆ.

ಗುರುವಾರ ಏಳೂವರೆಗೆ ಮೂವರೂ ಪರದೆಯ ಮುಂದೆ ಕೂತರು. ಒಸ್ಮೊ ಸಾಸೇಜು ತಂದಿದ್ದ, ಯಾರೂ ಮುಟ್ಟಲಿಲ್ಲ. ಎಂಟಾಯಿತು. ಮಿರ್ಯಾ ಪುಟವನ್ನು ಮತ್ತೆ ತೆರೆದಳು. ಬೆಲೆ ಹಳೆಯದಕ್ಕೆ ಮರಳಿತ್ತು, ಸಾಲು ಹಾಗೇ ಇತ್ತು. ಎಂಟೂ ಐದು. ಹಾಗೇ ಇತ್ತು.

"ಅವಳು ನೋಡೇ ಇಲ್ಲವೇನೋ," ಎಂದ ಒಸ್ಮೊ.

"ಬಾಯಿ ಮುಚ್ಕೊಂಡು ಕೂರೋ," ಎಂದರು ಇಬ್ಬರೂ ಒಟ್ಟಿಗೆ.

ಎಂಟೂ ಹನ್ನೆರಡಕ್ಕೆ ತೆರೆದಾಗ ಆ ಸಾಲು ಇರಲಿಲ್ಲ. ಆಟ ಇತ್ತು. ಸಾಲಿದ್ದ ಜಾಗದಲ್ಲಿ ಬೇರೆ ಮಾತಿತ್ತು. ಮಿರ್ಯಾ ಓದಲು ಹೋಗಿ ಮೊದಲ ಹೆಸರಿಗೇ ಎದ್ದು ನಿಂತಳು, ಒಸ್ಮೊನೇ ತಡವರಿಸುತ್ತ ಓದಿದ: "ಕುವೋಪಿಯೊದ ಹಿಲ್ಕಾ ಅವರಿಗೆ. ಆಟ ಇಲ್ಲೇ ಇರುತ್ತದೆ. ಹೇಗೆ ಕೂರಬೇಕೆಂದು ಹೇಳಲು ನನಗೆ ತೋಚಿರಲಿಲ್ಲ."

ಮಿರ್ಯಾ ಹಿಲ್ಕಾಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಎಪ್ಪತ್ತೇಳು ವರ್ಷದ ಹೆಂಗಸನ್ನು! "ಇಳಿಸೇ, ಸೊಂಟ ಮುರೀತದೆ!" ಎಂದು ಹಿಲ್ಕಾ ಕಿರುಚಿದಳು, ಆಮೇಲೆ ಸಾಸೇಜು ಮೂರೂ ಜನ ಕೈಯಿಂದಲೇ ತಿಂದರು.

ಅಲ್ಲಿಂದ ಮುಂದೆ ಮಿರ್ಯಾ ಬಿಡುವಾದಾಗಲೆಲ್ಲ ಜೊಂಡಿನ ಮುಂದೆ ಕೂರುತ್ತಿದ್ದಳು. ಆ ಆಟ ಒಂದು ದಿನ ತೋರಿಸಿದ್ದನ್ನು ಇನ್ನೊಂದು ದಿನ ತೋರಿಸುತ್ತಿರಲಿಲ್ಲ. ಅವಳಿಗೆ ನೀರುನಾಯಿ ಸಿಕ್ಕಿತು, ಗೂಬೆ ಸಿಕ್ಕಿತು, ಒಮ್ಮೆ ಮಿಂಚು ಮಳೆ. ಪ್ರತಿ ಸಲವೂ ಬಂದು ಕೇಳುವಳು: "ನೀನು ನೋಡಿದ್ದು ನೀರುನಾಯೀನಾ? ಬೇಡ, ಹೇಳ್ಬೇಡ! ತಲೆ ಮಾತ್ರ ಅಲ್ಲಾಡಿಸು." ಹಿಲ್ಕಾ ಇಲ್ಲವೆಂದು ತಲೆಯಾಡಿಸುವಳು. "ಹಾಗಾದ್ರೆ ಇನ್ನೂ ಇದೆ!" ಎಂದು ಕುಣಿಯುತ್ತ ಹೋಗುವಳು.

ಎರಡು ವರ್ಷ ಹೀಗೇ ನಡೆಯಿತು. ಎರಡನೆಯ ವರ್ಷದ ಡಿಸೆಂಬರಿನಲ್ಲಿ ಮಿರ್ಯಾ ಆಸ್ಪತ್ರೆ ಸೇರಿದಳು. ಬಸ್ಸಿನ ಸ್ಟೀರಿಂಗ್ ಹಿಡಿದು ಕೂತಿದ್ದಾಗಲೇ ಎದೆ ಹಿಡಿದುಕೊಂಡಿತ್ತು. ಆಗಲೂ ಬಸ್ಸನ್ನು ನಿಲ್ದಾಣಕ್ಕೆ ತಂದು, ಬಾಗಿಲು ತೆರೆದು, ಎಲ್ಲರನ್ನೂ ಇಳಿಸಿ ಆಮೇಲೆ ಒರಗಿದ್ದಳು. ಚಳಿಗಾಲದ ಸೇಲ್ ಶುರುವಾದ ದಿನ ಹಿಲ್ಕಾ ಅವಳ ಚಿಕ್ಕ ಕಂಪ್ಯೂಟರನ್ನು ಬುಟ್ಟಿಯಲ್ಲಿಟ್ಟು, ಮೇಲೆ ಬನ್ನು ಮುಚ್ಚಿ ತಂದಳು.

"ಕಳ್ಳಿ, ನರ್ಸ್ ನೋಡಿಲ್ಲ ತಾನೇ?"

"ನೋಡಿದ್ಲು. ಒಂದು ಬನ್ನು ಕೊಟ್ಟೆ."

ಕೊಳವೆ ಚುಚ್ಚಿದ ಕೈಯಿಂದ ಆಗದೆಂದು ಆ ದಿನ ಸಾಲು ಓಡಿಸಿದವಳು ಹಿಲ್ಕಾ. ಮಿರ್ಯಾ ದಿಂಬಿಗೊರಗಿ ಅಪ್ಪಣೆ ಕೊಟ್ಟಳು. "ಮೊದಲ ಪುಟ ದಾಟು. ಇನ್ನೂ ಕೆಳಗೆ. ಇನ್ನೂ. ನಿಲ್ಲು, ಅದೇನು?" ಸತ್ತ ಅಜ್ಜನ ಹಾಳು ಶೆಡ್ಡಿನಲ್ಲಿ ಅವನ ಸಾಮಾನುಗಳನ್ನು ತಾಯಿ ಮಗಳು ಆರಿಸುವ ಆಟ, ಕೊಂಡವರು ಇಬ್ಬರು. "ಇದು! ಇದು!" ಎಂದಳು ಮಿರ್ಯಾ. ಅವಳ ಕೆನ್ನೆಗೆ ಸೌನಾದಿಂದ ಬಂದಾಗಿನ ಬಣ್ಣ ಬಂದಿತ್ತು. ಹಿಲ್ಕಾ ಗೀಟಿನ ನೋಟ್‌ಬುಕ್ಕಿನಲ್ಲಿ ಹೆಸರು ಬರೆದಳು.

ಆಮೇಲೆ ಮಿರ್ಯಾ ಸುಸ್ತಾಗಿ ಕಣ್ಣು ಮುಚ್ಚಿದಳು. ಹಿಲ್ಕಾಳ ಬಾಯಿಗೆ ಆ ಕಡವೆಯ ಮಾತು ಬಂದೇಬಿಟ್ಟಿತ್ತು.

"ಮಿರ್ಯಾ, ಅವತ್ತು ನಾನು ನೋಡಿದ್ದು... ಈಗ ಹೇಳ್ಲಾ?"

"ಹೇಳಿದ್ರೆ ನಿನ್ನ ಸರದಿ ಕಿತ್ಕೋ ಅಂತ ಒಸ್ಮೊಗೆ ಹೇಳ್ತೀನಿ." ಕಣ್ಣು ತೆರೆಯದೆಯೇ ನಕ್ಕಳು. "ಜೊಂಡು ಹಚ್ಚು. ಪರದೆ ಈ ಕಡೆ ತಿರುಗಿಸು. ನೀನು ನಿನ್ನ ಕಾಲುಚೀಲ ತಗೊಂಡು ಕೂತ್ಕೋ."

ಹಿಲ್ಕಾ ಹಚ್ಚಿದಳು. ಜೊಂಡು, ನೀರು, ಮಂಜು. ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಹಿಲ್ಕಮ್ಮ," ಎಂದಳು ಮಿರ್ಯಾ ಸ್ವಲ್ಪ ಹೊತ್ತಿನ ಮೇಲೆ. "ನಾನು ನಿದ್ದೆ ಹೋದ್ರೆ ಹೋಗ್ಲಿ, ಬಿಡು. ಅದು ಬಂದ್ರೆ ಮಾತ್ರ ಎಬ್ಬಿಸು. ಏನು ಅಂತ ಹೇಳ್ಬೇಡ. ಎಬ್ಬಿಸು, ಅಷ್ಟೆ."